2 ನ್ಯಾನೋಮೀಟರ್ ಚಿಪ್‌ನಲ್ಲಿ 2 ನ್ಯಾನೋಮೀಟರ್ ಎಲ್ಲಿದೆ?

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಆರ್ಮ್ ಕಂಪನಿಯ ಹೊಸ ಕಚೇರಿಯನ್ನು ಉದ್ಘಾಟಿಸಿದರು. 2 ನ್ಯಾನೋಮೀಟರ್ ಚಿಪ್‌ಗಳ ವಿನ್ಯಾಸ ಇಲ್ಲಿ ನಡೆಯುತ್ತದೆ ಎಂಬುದು ಸುದ್ದಿಯ ತಲೆಬರಹವಾಯಿತು. ಅದಕ್ಕೂ ಕೆಲವು ತಿಂಗಳ ಮುಂಚೆ ರೆನೆಸಾಸ್ ಕಂಪನಿಯ 3 ನ್ಯಾನೋಮೀಟರ್ ವಿನ್ಯಾಸ ಕೇಂದ್ರಗಳು ನೋಯ್ಡಾ ಮತ್ತು ಬೆಂಗಳೂರಿನಲ್ಲಿ ಶುರುವಾಗಿದ್ದವು. ವರ್ಷದ ಕೊನೆಯ ಹೊತ್ತಿಗೆ ತೈವಾನಿನ ಟಿಎಸ್‌ಎಂಸಿ 2 ನ್ಯಾನೋಮೀಟರ್ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಆದರೆ ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ ಕಾರ್ಖಾನೆಯ ಗುರಿ 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರಜ್ಞಾನ. ಮೊಹಾಲಿಯ ಸರ್ಕಾರಿ ಸೆಮಿಕಂಡಕ್ಟರ್ ಪ್ರಯೋಗಾಲಯದ್ದು 180.

ಓದುಗರು ತಲೆ ಕೆಡಿಸಿಕೊಳ್ಳುವುದು ಸಹಜ. 28ರದ್ದನ್ನೇ ಇನ್ನೂ ತಯಾರಿಸದವರು 2ಕ್ಕೆ ಹೇಗೆ ಹಾರಿದರು? 2 ಆದ ಮೇಲೆ 1, ಆಮೇಲೆ ಸೊನ್ನೆಯೇ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ವಿನ್ಯಾಸ ಬೇರೆ, ತಯಾರಿಕೆ ಬೇರೆ. ಬೆಂಗಳೂರಿನ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾರೆ, ಅದನ್ನು ಸಿಲಿಕಾನ್ ಮೇಲೆ ಮೂಡಿಸುವ ಕೆಲಸ ತೈವಾನಿನಲ್ಲೋ ಕೊರಿಯಾದಲ್ಲೋ ಆಗುತ್ತದೆ. ಮೂರು ದಶಕಗಳಿಂದ ನಮ್ಮಲ್ಲಿ ನಡೆದುಬಂದಿರುವುದು ಇದೇ. ಎರಡನೆಯ ಪ್ರಶ್ನೆ ಹಾಗಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಸರ್ಕಾರದ ನೀತಿ, ಬಂಡವಾಳ ಎಲ್ಲವನ್ನೂ ದಾಟಿ ಪರಮಾಣುಗಳ ಚಡಪಡಿಕೆಯ ಹತ್ತಿರ ಬಂದು ನಿಲ್ಲುತ್ತೇವೆ.

ಹೆಸರಿಗಷ್ಟೇ ಎರಡು

2 ನ್ಯಾನೋಮೀಟರ್ ಎಂದರೆ ಡಿಎನ್‌ಎ ಎಳೆಯ ಅಗಲ. ಅಷ್ಟು ಜಾಗದಲ್ಲಿ ಸಾಲಾಗಿ ಹತ್ತು ಸಿಲಿಕಾನ್ ಪರಮಾಣು ಕೂಡ ಹಿಡಿಯುವುದಿಲ್ಲ. 2 ನ್ಯಾನೋಮೀಟರ್ ಚಿಪ್‌ನ ಟ್ರಾನ್ಸಿಸ್ಟರಿನಲ್ಲಿ ಈ ಅಳತೆಯದ್ದೇನಾದರೂ ಇದೆಯೇ ಎಂದು ಹುಡುಕಿದರೆ ನಿರಾಸೆಯೇ ಗತಿ. ಕರೆಂಟನ್ನು ಹರಿಸುವ, ನಿಲ್ಲಿಸುವ ಭಾಗವಾದ ಗೇಟಿನ ಉದ್ದ ಹತ್ತು ನ್ಯಾನೋಮೀಟರ್‌ಗೂ ಹೆಚ್ಚು. ಒಂದು ಗೇಟಿನಿಂದ ಪಕ್ಕದ ಗೇಟಿಗೆ ಸುಮಾರು 45ರಿಂದ 50 ನ್ಯಾನೋಮೀಟರ್ ದೂರ. 1990ರ ದಶಕದ ನಡುಭಾಗದ ತನಕ ಹೆಸರಿಗೂ ಅಳತೆಗೂ ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು. ಆಮೇಲೆ ಹೆಸರು ತನ್ನ ಪಾಡಿಗೆ ಇಳಿಯುತ್ತ ಹೋಯಿತು, ಅಳತೆ ಹಿಂದೆ ಉಳಿಯಿತು. ಈಗ ಅದು ಮಾದರಿ ಸಂಖ್ಯೆ ಮಾತ್ರ.

ಇದು ಬರೀ ಜಾಹೀರಾತಿನ ಚಮತ್ಕಾರ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅಳತೆ ಯಾಕೆ ಹಿಂದೆ ಉಳಿಯಿತು ಎಂಬುದಕ್ಕೆ ಗಟ್ಟಿಯಾದ ಕಾರಣಗಳಿವೆ. ಒಂದು, ಶಾಖದಿಂದ ಹುಟ್ಟುವ ಏರಿಳಿತ. ಇನ್ನೊಂದು, ಶಾಖವೇ ಇಲ್ಲದಿದ್ದರೂ ನಿಲ್ಲದ ಕ್ವಾಂಟಮ್ ಏರಿಳಿತ. ಒಂದರಿಂದ ತಪ್ಪಿಸಿಕೊಳ್ಳಲು ಹೋದರೆ ಇನ್ನೊಂದರ ಕೈಗೆ ಸಿಕ್ಕಿಬೀಳುವುದು, ಕಳೆದ ಇಪ್ಪತ್ತೈದು ವರ್ಷಗಳ ಚಿಪ್ ಚರಿತ್ರೆ ಬಹುಮಟ್ಟಿಗೆ ಇಷ್ಟೇ.

ಶಾಖದ ತಕರಾರು

ಟ್ರಾನ್ಸಿಸ್ಟರ್ ಒಂದು ಸ್ವಿಚ್ಚು. ಎರಡು ತುದಿಗಳ ನಡುವೆ ಎಲೆಕ್ಟ್ರಾನುಗಳು ದಾಟಬಾರದೆಂದು ಒಂದು ಶಕ್ತಿಯ ತಡೆ ಇರುತ್ತದೆ. ಗೇಟಿಗೆ ವೋಲ್ಟೇಜ್ ಕೊಟ್ಟರೆ ತಡೆ ತಗ್ಗುತ್ತದೆ, ಕರೆಂಟು ಹರಿಯುತ್ತದೆ. ವೋಲ್ಟೇಜ್ ತೆಗೆದರೆ ತಡೆ ಮೇಲೇಳುತ್ತದೆ, ಕರೆಂಟು ನಿಲ್ಲುತ್ತದೆ. ನಿಲ್ಲಬೇಕು.

ಪೂರ್ತಿ ನಿಲ್ಲುವುದಿಲ್ಲ. ತುಂಬಿದ ಕೆರೆಯನ್ನು ಏರಿ ತಡೆದಿರುತ್ತದೆ, ಆದರೆ ಗಾಳಿ ಬೀಸಿದಾಗ ಒಂದೊಂದು ಅಲೆ ಏರಿಯ ಮೇಲಿಂದ ಚಿಮ್ಮಿ ಆಚೆ ಬೀಳುತ್ತದೆ. ಎಲೆಕ್ಟ್ರಾನುಗಳಿಗೆ ಆ ಗಾಳಿ ಎಂದರೆ ಕೋಣೆಯ ಬಿಸಿ. ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಾಖದ ಚಡಪಡಿಕೆಯ ಶಕ್ತಿಯ ಮಟ್ಟ ಸುಮಾರು 0.026 ಎಲೆಕ್ಟ್ರಾನ್ ವೋಲ್ಟ್. ಇದೊಂದು ಅಂದಾಜಿನ ಮಟ್ಟವಷ್ಟೆ. ಕೆಲವು ಎಲೆಕ್ಟ್ರಾನುಗಳಿಗೆ ಇದಕ್ಕಿಂತ ಬಹಳ ಹೆಚ್ಚು ಶಕ್ತಿ ಸಿಕ್ಕಿರುತ್ತದೆ, ಅವು ತಡೆಯನ್ನು ಹಾರುತ್ತವೆ. ಭೌತವಿಜ್ಞಾನಿ ಬೋಲ್ಟ್ಜ್‌ಮನ್ ಹತ್ತೊಂಬತ್ತನೇ ಶತಮಾನದಲ್ಲೇ ಕೊಟ್ಟ ಲೆಕ್ಕದ ಪ್ರಕಾರ, ಈ ತಾಪಮಾನದಲ್ಲಿ ಹಾರುವವುಗಳ ಸಂಖ್ಯೆಯನ್ನು ಹತ್ತನೇ ಒಂದಕ್ಕೆ ಇಳಿಸಲು ತಡೆಯನ್ನು ಸುಮಾರು 60 ಮಿಲಿವೋಲ್ಟ್ ಎತ್ತರಿಸಬೇಕು. ಎಷ್ಟೇ ಜಾಣತನದಿಂದ ಟ್ರಾನ್ಸಿಸ್ಟರ್ ಕಟ್ಟಿದರೂ, ಅದು ಎಲೆಕ್ಟ್ರಾನುಗಳನ್ನು ತಡೆಯ ಮೇಲಿಂದ ದಾಟಿಸುವ ಸ್ವಿಚ್ಚೇ ಆಗಿದ್ದರೆ, 60ಕ್ಕಿಂತ ಕಡಿಮೆಗೆ ಈ ಕೆಲಸ ಆಗುವುದಿಲ್ಲ.

ಸಣ್ಣ ಲೆಕ್ಕ ನೋಡಿ. ಆರಿದ ಸ್ವಿಚ್ಚಿನ ಸೋರಿಕೆ ಲಕ್ಷದಲ್ಲಿ ಒಂದು ಪಾಲಿರಬೇಕು ಎಂದುಕೊಳ್ಳೋಣ. ಹತ್ತನ್ನು ಐದು ಸಲ ಗುಣಿಸಿದರೆ ಲಕ್ಷ, ಆದ್ದರಿಂದ ಐದು ಅರವತ್ತಲೆ ಮುನ್ನೂರು ಮಿಲಿವೋಲ್ಟ್ ಬೇಕು. ಇನ್ನು ಚಿಪ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. 85 ಡಿಗ್ರಿಯಲ್ಲಿ ಆ 60 ಎಂಬುದು 71 ಆಗುತ್ತದೆ. ಅದೇ ಮುನ್ನೂರು ಮಿಲಿವೋಲ್ಟಿಗೆ ಈಗ ಸೋರಿಕೆ ಆರೇಳು ಪಟ್ಟು ಜಾಸ್ತಿ. ಸೋರಿದ್ದೆಲ್ಲ ಮತ್ತೆ ಬಿಸಿಯಾಗಿಯೇ ಬದಲಾಗುತ್ತದೆ. ಮೊಬೈಲ್ ಚಿಪ್ ಒಂದರಲ್ಲಿ ಇಂಥ ಟ್ರಾನ್ಸಿಸ್ಟರುಗಳು ಸಾವಿರ ಕೋಟಿಗೂ ಮಿಕ್ಕಿ ಇವೆ ಎಂಬುದನ್ನು ಮರೆಯಬಾರದು.

ಇದರ ಪರಿಣಾಮ ದೊಡ್ಡದು. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಒಂದು ಸೂತ್ರ ಕೊಟ್ಟಿದ್ದರು: ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿದಂತೆಲ್ಲ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿ, ಆಗ ಒಂದೇ ಜಾಗದಲ್ಲಿ ಎರಡರಷ್ಟು ಟ್ರಾನ್ಸಿಸ್ಟರ್ ಕೂರಿಸಿದರೂ ಬಿಸಿ ಹೆಚ್ಚುವುದಿಲ್ಲ. ಮೂರು ದಶಕ ಉದ್ಯಮ ಈ ಸೂತ್ರದ ಮೇಲೆ ಬದುಕಿತು. 5 ವೋಲ್ಟಿನಿಂದ 3.3ಕ್ಕೆ, ಅಲ್ಲಿಂದ 1ರ ಆಸುಪಾಸಿಗೆ ಇಳಿಯಿತು. ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ, ಹಾಗಾಗಿ 5ರಿಂದ 1ಕ್ಕೆ ಬಂದಾಗ ಸಿಕ್ಕ ಲಾಭ ಇಪ್ಪತ್ತೈದು ಪಟ್ಟು. 2005ರ ಸುಮಾರಿಗೆ ಇಳಿಕೆ ತೆವಳತೊಡಗಿತು. ಈಗ 0.7 ವೋಲ್ಟಿನ ಹತ್ತಿರ ಇದ್ದೇವೆ. ಇಷ್ಟು ವರ್ಷಕ್ಕೆ ಲಾಭ ಎರಡು ಪಟ್ಟು ಮಾತ್ರ. ನಿಮ್ಮ ಕಂಪ್ಯೂಟರಿನ ಗಡಿಯಾರದ ವೇಗ ಇಪ್ಪತ್ತು ವರ್ಷಗಳಿಂದ ಕೆಲವೇ ಗಿಗಾಹರ್ಟ್ಜ್‌ನಲ್ಲಿ ಒದ್ದಾಡುತ್ತಿರುವುದಕ್ಕೂ, ಕಂಪನಿಗಳು ವೇಗದ ಮಾತು ಬಿಟ್ಟು ‘ಎಂಟು ಕೋರ್’ ‘ಹದಿನಾರು ಕೋರ್’ ಎನ್ನತೊಡಗಿದ್ದಕ್ಕೂ ಮೂಲ ಇಲ್ಲಿದೆ.

ಏರಿಯ ಒಳಗಿನ ಜಿನುಗು

ಸೋರಿಕೆ ತಗ್ಗಿಸಲು ಒಂದು ದಾರಿ, ಗೇಟಿನ ಹಿಡಿತ ಬಿಗಿಯಾಗಿಸುವುದು. ಗೇಟಿಗೂ ಎಲೆಕ್ಟ್ರಾನು ಹರಿಯುವ ಕಾಲುವೆಗೂ ನಡುವೆ ಒಂದು ನಿರೋಧಕ ಪದರ ಇರುತ್ತದೆ. ಅದು ತೆಳುವಾದಷ್ಟೂ ಹಿಡಿತ ಗಟ್ಟಿ. ತೆಳು ಮಾಡುತ್ತ ಹೋದರು. 90 ನ್ಯಾನೋಮೀಟರ್ ಪೀಳಿಗೆಗೆ ಬರುವಾಗ ಇಂಟೆಲ್ ಚಿಪ್‌ಗಳಲ್ಲಿ ಸಿಲಿಕಾನ್ ಡೈಆಕ್ಸೈಡಿನ ಆ ಪದರ 1.2 ನ್ಯಾನೋಮೀಟರ್ ಉಳಿದಿತ್ತು. ಐದು ಪರಮಾಣು ದಪ್ಪ.

ಇಲ್ಲಿ ಎರಡನೆಯ ಏರಿಳಿತ ಕಾದು ಕೂತಿತ್ತು. ಏರಿ ಎಷ್ಟೇ ಎತ್ತರವಿರಲಿ, ತೀರ ತೆಳುವಾದರೆ ನೀರು ಮೇಲಿಂದ ಹಾರಬೇಕಿಲ್ಲ, ಒಳಗಿಂದಲೇ ಜಿನುಗುತ್ತದೆ. ಎಲೆಕ್ಟ್ರಾನು ಚೆಂಡಿನ ಹಾಗೆ ಒಂದು ಕಡೆ ಗಟ್ಟಿಯಾಗಿ ಕೂತ ವಸ್ತುವಲ್ಲ. ಅದರ ಇರವು ಸ್ವಲ್ಪ ಹರಡಿಕೊಂಡಿರುತ್ತದೆ, ಅದರ ಜಾಗ ಮತ್ತು ವೇಗ ಎರಡೂ ಒಟ್ಟಿಗೆ ಖಚಿತವಾಗಿರುವುದು ಸಾಧ್ಯವಿಲ್ಲ. ತಡೆ ಕೆಲವೇ ಪರಮಾಣು ದಪ್ಪವಾದಾಗ ಆ ಹರವಿನ ಒಂದು ಅಂಚು ಆಚೆ ಬದಿಯನ್ನು ಮುಟ್ಟುತ್ತದೆ. ತಡೆ ಹಾರುವಷ್ಟು ಶಕ್ತಿ ಇಲ್ಲದೆಯೂ ಒಮ್ಮೊಮ್ಮೆ ಎಲೆಕ್ಟ್ರಾನು ಆಚೆ ಇರುತ್ತದೆ. ಇದನ್ನೇ ಟನೆಲಿಂಗ್ ಎನ್ನುವುದು. ಸಿಲಿಕಾನ್ ಡೈಆಕ್ಸೈಡನ್ನು 0.2 ನ್ಯಾನೋಮೀಟರ್ ತೆಳು ಮಾಡಿದರೆ ಈ ಜಿನುಗು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಒಂದು ಪರಮಾಣುವಿನ ಅಗಲಕ್ಕೆ ಹತ್ತು ಪಟ್ಟು!

ಇಂಟೆಲ್ 2007ರಲ್ಲಿ 45 ನ್ಯಾನೋಮೀಟರ್ ಪೀಳಿಗೆಯಲ್ಲಿ ಪದರದ ವಸ್ತುವನ್ನೇ ಬದಲಿಸಿತು. ಹ್ಯಾಫ್ನಿಯಂ ಆಧಾರಿತ ಆಕ್ಸೈಡಿನ ವಿದ್ಯುತ್ ಗುಣ ಎಂಥದೆಂದರೆ, ಅದನ್ನು ಹಲವು ಪಟ್ಟು ದಪ್ಪವಾಗಿ ಹಚ್ಚಿದರೂ ಗೇಟಿನ ಹಿಡಿತ ತೆಳುವಾದ ಸಿಲಿಕಾನ್ ಡೈಆಕ್ಸೈಡಿನಷ್ಟೇ ಇರುತ್ತದೆ. ಏರಿ ದಪ್ಪವಾಯಿತು, ಜಿನುಗು ಬಹಳ ಕಡಿಮೆಯಾಯಿತು. ಆಮೇಲೆ 22 ನ್ಯಾನೋಮೀಟರಿನಲ್ಲಿ ಗೇಟು ಕಾಲುವೆಯನ್ನು ಮೂರು ಬದಿಯಿಂದ ತಬ್ಬಿಕೊಂಡಿತು, ಈಗಿನ 2 ನ್ಯಾನೋಮೀಟರಿನಲ್ಲಿ ನಾಲ್ಕೂ ಬದಿಯಿಂದ. ‘ಎರಡು’ ಎಂಬ ಹೆಸರಿನ ಹಿಂದೆ ಇರುವ ನಿಜವಾದ ಸಾಧನೆ ಈ ತಬ್ಬುವಿಕೆ. ಹೀಗೆ ಬಿಗಿದಷ್ಟೂ ಟ್ರಾನ್ಸಿಸ್ಟರ್ ಆ 60ರ ಹತ್ತಿರ ಹತ್ತಿರ ಬರುತ್ತದೆ, ಅದನ್ನು ದಾಟುವುದಿಲ್ಲ.

ಎರಡನ್ನೂ ಬೇರ್ಪಡಿಸಿ ತೋರಿಸಿದ ಪ್ರಯೋಗ

ಶಾಖದ ಹಾರಾಟವನ್ನೂ ಕ್ವಾಂಟಮ್ ಜಿನುಗನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ತಣ್ಣಗೆ ಮಾಡಿ ನೋಡಬೇಕು. 2025ರ ಭೌತಶಾಸ್ತ್ರದ ನೊಬೆಲ್ ಪಡೆದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ 1984–85ರಲ್ಲಿ ಬರ್ಕ್ಲಿಯಲ್ಲಿ ಇದನ್ನೇ ಮಾಡಿದ್ದರು. ಪ್ರತಿರೋಧವೇ ಇಲ್ಲದೆ ಕರೆಂಟು ಹರಿಸುವ ಎರಡು ಸೂಪರ್‌ಕಂಡಕ್ಟರುಗಳ ನಡುವೆ ತೆಳು ನಿರೋಧಕ ಪದರವಿದ್ದ ಒಂದು ಸರ್ಕ್ಯೂಟು, ಅದರಲ್ಲಿ ವೋಲ್ಟೇಜ್ ಇಲ್ಲದೆ ಹರಿಯುತ್ತಿದ್ದ ಕರೆಂಟು. ಈ ಸ್ಥಿತಿಯಿಂದ ಸರ್ಕ್ಯೂಟು ಯಾವಾಗ ತಪ್ಪಿಸಿಕೊಂಡು ವೋಲ್ಟೇಜ್ ತೋರಿಸುತ್ತದೆ ಎಂದು ಮತ್ತೆ ಮತ್ತೆ ಅಳೆದರು. ತಣಿಸಿದಂತೆಲ್ಲ ತಪ್ಪಿಸಿಕೊಳ್ಳುವಿಕೆ ಕಡಿಮೆಯಾಯಿತು. ಅದು ಶಾಖದ ಪಾಲು. ಪರಮ ಶೂನ್ಯಕ್ಕಿಂತ ಕೆಲವೇ ಹತ್ತು ಮಿಲಿಕೆಲ್ವಿನ್ ಮೇಲೆ ಬಂದಾಗ ಇಳಿಕೆ ನಿಂತುಬಿಟ್ಟಿತು. ಇನ್ನೆಷ್ಟು ತಣಿಸಿದರೂ ಅಷ್ಟೇ. ಆ ಉಳಿಕೆ ಕ್ವಾಂಟಮ್ ಪಾಲು.

ಬೆಂಗಳೂರಿನ ಕ್ಯೂಪಿಐಎಐ ಕಂಪನಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ 25 ಕ್ಯುಬಿಟ್‌ಗಳ (ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕಗಳ) ‘ಇಂಡಸ್’ ಇದೇ ಜಾತಿಯ ಸರ್ಕ್ಯೂಟುಗಳ ಯಂತ್ರ. ಅದಕ್ಕೆ ಅಷ್ಟು ದೊಡ್ಡ ಶೀತಕ ಯಾಕೆ ಬೇಕೆನ್ನುವುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ. 5 ಗಿಗಾಹರ್ಟ್ಜ್‌ನ ಕ್ಯುಬಿಟ್ ಒಂದರ ಎರಡು ಮಟ್ಟಗಳ ನಡುವಿನ ಶಕ್ತಿ 0.24 ಕೆಲ್ವಿನ್ ತಾಪಮಾನದ ಚಡಪಡಿಕೆಗೆ ಸಮ. ಅದಕ್ಕಿಂತ ಬಹಳ ಕೆಳಗೆ, ಹತ್ತಿಪ್ಪತ್ತು ಮಿಲಿಕೆಲ್ವಿನ್‌ಗೆ ಇಳಿಸದಿದ್ದರೆ ಕ್ಯುಬಿಟ್ ಶಾಖಕ್ಕೇ ಕುಣಿಯುತ್ತದೆ. ಅಂದರೆ ಒಂದೇ ಊರಿನಲ್ಲಿ ಒಂದು ಉದ್ಯಮ ಟನೆಲಿಂಗನ್ನು ಹೊಡೆದೋಡಿಸಲು ದುಡ್ಡು ಸುರಿಯುತ್ತಿದೆ, ಇನ್ನೊಂದು ಅದನ್ನು ಕಾಪಾಡಿಕೊಳ್ಳಲು.

ಎಂಟು ಪರಮಾಣುಗಳ ಪಾಡು

ಚಿಕ್ಕದಾದಾಗ ಇನ್ನೊಂದು ತೊಂದರೆ. ದೊಡ್ಡ ವಸ್ತುವಿನಲ್ಲಿ ಏರಿಳಿತಗಳು ಸರಾಸರಿಯಲ್ಲಿ ಅಡಗಿಹೋಗುತ್ತವೆ, ಚಿಕ್ಕದರಲ್ಲಿ ಅಡಗಲು ಜಾಗವಿಲ್ಲ. ಸಿಲಿಕಾನ್‌ಗೆ ಬೇರೆ ಧಾತುವಿನ ಪರಮಾಣುಗಳನ್ನು ಬೆರೆಸಿ ಅದರ ಗುಣ ಹೊಂದಿಸುತ್ತಾರೆ. ಘನ ಸೆಂಟಿಮೀಟರಿಗೆ 10ರ ಘಾತ 18ರಷ್ಟು ಬೆರೆಸಿದರೆ, 20 ನ್ಯಾನೋಮೀಟರ್ ಘನದಲ್ಲಿ ಬಂದು ಕೂರುವುದು ಸರಾಸರಿ ಎಂಟು ಪರಮಾಣು. ಒಂದರಲ್ಲಿ ಐದು, ಪಕ್ಕದ್ದರಲ್ಲಿ ಹನ್ನೊಂದು ಇದ್ದರೆ ಅದು ತಯಾರಕನ ಅಜಾಗರೂಕತೆಯಲ್ಲ, ಸಂಖ್ಯಾಶಾಸ್ತ್ರದ ನಿಯಮ. ಆದರೆ ಎರಡೂ ಬೇರೆ ಬೇರೆ ವೋಲ್ಟೇಜಿಗೆ ಹೊತ್ತಿಕೊಳ್ಳುತ್ತವೆ. ಕಾಲುವೆಯಲ್ಲಿ ಬೆರಕೆಯನ್ನೇ ಬಹುತೇಕ ಬಿಟ್ಟುಬಿಡುವುದು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲೊಂದು. ಆದರೂ ಆಕ್ಸೈಡಿನ ಯಾವುದೋ ದೋಷದಲ್ಲಿ ಒಂದೇ ಒಂದು ಎಲೆಕ್ಟ್ರಾನು ಸಿಕ್ಕಿಕೊಂಡು ಬಿಡುಗಡೆಯಾಗುತ್ತಿದ್ದರೆ ಸಾಕು, ಟ್ರಾನ್ಸಿಸ್ಟರಿನ ಕರೆಂಟು ಎರಡು ಮಟ್ಟಗಳ ನಡುವೆ ಜಿಗಿಯುತ್ತಿರುತ್ತದೆ.

ಆರು ಟ್ರಾನ್ಸಿಸ್ಟರುಗಳು ಒಂದಕ್ಕೊಂದು ಹೊಂದಿ ಕೆಲಸ ಮಾಡಬೇಕಾದ ಎಸ್‌ರ್‍ಯಾಮ್ ಎಂಬ ಮೆಮೊರಿ ಕೋಶಕ್ಕೆ ಇಂಥ ವ್ಯತ್ಯಾಸಗಳೇ ದೊಡ್ಡ ಕಂಟಕ. ಟಿಎಸ್‌ಎಂಸಿಯ 5 ನ್ಯಾನೋಮೀಟರಿನಲ್ಲಿ ಈ ಕೋಶದ ವಿಸ್ತೀರ್ಣ 0.021 ಚದರ ಮೈಕ್ರೋಮೀಟರ್ ಇತ್ತು. 3 ನ್ಯಾನೋಮೀಟರಿನ ಎನ್3ಇ ಎಂಬ ರೂಪದಲ್ಲೂ ಅಷ್ಟೇ ಉಳಿಯಿತು. ಹೆಸರು ಐದರಿಂದ ಮೂರಕ್ಕೆ ಇಳಿಯಿತು, ಕೋಶ ಕೂದಲೆಳೆಯಷ್ಟೂ ಕುಗ್ಗಲಿಲ್ಲ.

ವಾದ ಎಲ್ಲಿದೆ

ಈ ಕುಗ್ಗುವಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. 2002ರಲ್ಲಿ ಲಾಸ್ಲೋ ಕಿಶ್ ಎಂಬ ವಿಜ್ಞಾನಿ, ಶಾಖದ ಗದ್ದಲವೇ ಚಿಪ್‌ಗಳ ಕುಗ್ಗುವಿಕೆಗೆ ಸಾವು ತರುತ್ತದೆ, ಸೊನ್ನೆ ಒಂದಾಗಿ ಒಂದು ಸೊನ್ನೆಯಾಗಿ ತಪ್ಪುಗಳು ಹೆಚ್ಚುತ್ತವೆ ಎಂದು ವಾದಿಸಿದ್ದರು. ಆ ಸಾವು ಬರಲಿಲ್ಲ. ವಿದ್ಯುತ್ ಹಿಡಿದಿಡುವ ಸಾಮರ್ಥ್ಯ 0.1 ಫೆಮ್ಟೋಫ್ಯಾರಡ್ ಮಾತ್ರವಿರುವ ಪುಟ್ಟ ಗೇಟಿನಲ್ಲೂ ಶಾಖದ ಗದ್ದಲ ಸುಮಾರು 6 ಮಿಲಿವೋಲ್ಟ್, ಎದುರಿಗೆ 700 ಮಿಲಿವೋಲ್ಟಿನ ಸಂಕೇತ. ವೋಲ್ಟೇಜ್ ಇಳಿಯುತ್ತಲೇ ಹೋಗಿದ್ದರೆ ಕಿಶ್ ಮಾತು ನಿಜವಾಗುತ್ತಿತ್ತೇನೋ. ಸೋರಿಕೆಯ ಭಯಕ್ಕೆ ವೋಲ್ಟೇಜ್ ಇಳಿಯಲಿಲ್ಲ, ಹಾಗಾಗಿ ಗದ್ದಲದ ಭಯ ಮುಂದಕ್ಕೆ ಹೋಯಿತು.

ಮರುವರ್ಷ ವಿಕ್ಟರ್ ಝಿರ್ನೋವ್ ಮತ್ತು ಸಂಗಡಿಗರು ಎರಡೂ ಏರಿಳಿತಗಳನ್ನು ಒಂದೇ ತಕ್ಕಡಿಗೆ ಹಾಕಿದರು. ಶಾಖದ ಚಡಪಡಿಕೆಯಲ್ಲಿ ಕಳೆದುಹೋಗದಿರಲು ತಡೆ ಕನಿಷ್ಠ ಎಷ್ಟು ಎತ್ತರವಿರಬೇಕು? ಅಷ್ಟು ಎತ್ತರದ ತಡೆಯನ್ನು ಎಲೆಕ್ಟ್ರಾನು ಸುರಂಗ ಕೊರೆಯದಿರಲು ಅದು ಎಷ್ಟು ಅಗಲವಿರಬೇಕು? ಉತ್ತರ, ಸುಮಾರು 1.5 ನ್ಯಾನೋಮೀಟರ್. ನಂಬಿಕೆ ಹುಟ್ಟಿಸುವ ಸಂಖ್ಯೆಯೇ. ಆದರೆ ಅಂಥ ಸ್ವಿಚ್ಚುಗಳನ್ನು ಒತ್ತೊತ್ತಾಗಿ ಜೋಡಿಸಿ ಪೂರ್ಣ ವೇಗದಲ್ಲಿ ಓಡಿಸಿದರೆ ಚದರ ಸೆಂಟಿಮೀಟರಿಗೆ 37 ಲಕ್ಷ ವಾಟ್ ಶಾಖ ಬರುತ್ತದೆ ಎಂದೂ ಅವರೇ ತೋರಿಸಿದರು. ಗಾತ್ರದ ಮಿತಿಗಿಂತ ಬಹಳ ಮುಂಚೆಯೇ ಬಿಸಿಯ ಮಿತಿ ಬರುತ್ತದೆ ಎಂಬ ಈ ಮಾತು ನನಗೆ ಇವತ್ತಿಗೂ ಸರಿ ಎನಿಸುತ್ತದೆ.

ಇದನ್ನು ಒಪ್ಪದವರು, ಅಥವಾ ಸುತ್ತುಬಳಸಿ ದಾಟಬಹುದೆನ್ನುವವರು, ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಟನೆಲಿಂಗನ್ನೇ ಸ್ವಿಚ್ಚಾಗಿ ಬಳಸಿ, ಬಿಸಿ ಎಲೆಕ್ಟ್ರಾನುಗಳನ್ನು ಸೋಸಿ 60ರ ಗೆರೆ ದಾಟಬಹುದು ಎನ್ನುವುದು ಒಂದು ಗುಂಪು. ಪ್ರಯೋಗಾಲಯದಲ್ಲಿ ದಾಟಿಯೂ ಇದ್ದಾರೆ, ಆದರೆ ಹೊತ್ತಿಸಿದಾಗ ಸಿಗುವ ಕರೆಂಟು ಸಾಕಾಗದು. 2008ರಲ್ಲಿ ಸಯೀಫ್ ಸಲಾಹುದ್ದೀನ್ ಮತ್ತು ಸುಪ್ರಿಯೋ ದತ್ತಾ, ಗೇಟಿನಲ್ಲಿ ಫೆರೋಎಲೆಕ್ಟ್ರಿಕ್ (ತನ್ನೊಳಗೇ ವಿದ್ಯುತ್ ಧ್ರುವೀಕರಣ ಉಳಿಸಿಕೊಳ್ಳುವ ವಸ್ತುವಿನ) ಪದರ ಸೇರಿಸಿ ವೋಲ್ಟೇಜಿನ ಪರಿಣಾಮವನ್ನೇ ಹಿಗ್ಗಿಸಬಹುದೆಂದರು. ಅಳತೆಗಳಲ್ಲಿ ಕಂಡದ್ದು ನಿಜವಾಗಿ ಅದೇ ಪರಿಣಾಮವೇ, ಬೇರೆಯೇ ಎಂಬ ಜಗಳ ಪೂರ್ತಿ ಮುಗಿದಿಲ್ಲ.

ತಣಿಸೋಣ ಎನ್ನುವವರೂ ಇದ್ದಾರೆ. ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ 60 ಎಂಬುದು 15ಕ್ಕೆ ಇಳಿಯುತ್ತದೆ, ಕಾಗದದ ಮೇಲೆ ಬಹಳ ಚೆಂದ. ಆದರೆ ಅಲ್ಲಿಂದ ಒಂದು ಜೌಲ್ ಶಾಖ ಹೊರತೆಗೆಯಲು ಆದರ್ಶ ಯಂತ್ರಕ್ಕೂ ಸುಮಾರು 3 ಜೌಲ್ ಕೆಲಸ ಬೇಕು, ನಿಜವಾದ ಯಂತ್ರಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಇನ್ನೂ ಕೆಳಗೆ 4 ಕೆಲ್ವಿನ್‌ಗೆ ಹೋದರೆ 60 ಎಂಬುದು 1ಕ್ಕೂ ಕೆಳಗಿಳಿಯಬೇಕಿತ್ತು. ನಿಜವಾದ ಟ್ರಾನ್ಸಿಸ್ಟರುಗಳಲ್ಲಿ ಅದು ಎಷ್ಟೋ ಮೇಲೆಯೇ ನಿಂತುಬಿಡುತ್ತದೆ, ಸಿಲಿಕಾನಿನ ಅಂಚಿನ ಅವ್ಯವಸ್ಥೆ ಅಡ್ಡ ಬರುತ್ತದೆ.

ಎಲ್ಲಕ್ಕಿಂತ ಕುತೂಹಲದ್ದು, ಏರಿಳಿತವನ್ನೇ ಕೂಲಿಗೆ ಹಚ್ಚುವ ದಾರಿ. ಜಪಾನಿನ ತೊಹೊಕು ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಗಳ ತಂಡ 2019ರಲ್ಲಿ ಎಂಟು ಪುಟ್ಟ ಕಾಂತೀಯ ಸಾಧನಗಳನ್ನು ಬಳಸಿತು. ಇವುಗಳ ತಡೆ ಬೇಕೆಂದೇ ಎಷ್ಟು ತಗ್ಗೆಂದರೆ ಕೋಣೆಯ ಬಿಸಿಗೇ ಸೊನ್ನೆ-ಒಂದರ ನಡುವೆ ಹೊರಳಾಡುತ್ತಿರುತ್ತವೆ. ಅವುಗಳನ್ನು ಒಂದಕ್ಕೊಂದು ಹೆಣೆದು, 945ರವರೆಗಿನ ಸಂಖ್ಯೆಗಳ ಅಪವರ್ತನ ಕಂಡುಹಿಡಿಯುವಂತೆ ಮಾಡಿದರು. ಶಾಲಾ ಹುಡುಗನೂ ಮಾಡಬಲ್ಲ ಲೆಕ್ಕ ಎಂದು ನಗಬಹುದು. ಆದರೆ ಶೀತಕವಿಲ್ಲ, ಗದ್ದಲದ ವಿರುದ್ಧ ಹೋರಾಟವಿಲ್ಲ. ಅನೇಕ ಸಾಧ್ಯತೆಗಳಲ್ಲಿ ಒಳ್ಳೆಯದನ್ನು ಹುಡುಕುವ ಬಗೆಯ ಲೆಕ್ಕಗಳಿಗೆ ಇದು ಒದಗಬಹುದು, ನಿಖರ ಉತ್ತರವೇ ಬೇಕಾದ ಬ್ಯಾಂಕಿನ ಲೆಕ್ಕಕ್ಕಂತೂ ಅಲ್ಲ.

ಟಾಟಾ ಇನ್‌ಸ್ಟಿಟ್ಯೂಟಿನ ಪ್ರಸ್ತಾವ

ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 30 ವಿಜ್ಞಾನಿಗಳು ಕೇಂದ್ರ ಸರ್ಕಾರಕ್ಕೆ ಒಂದು ಪ್ರಸ್ತಾವ ಸಲ್ಲಿಸಿರುವುದು 2025ರಲ್ಲಿ ಸುದ್ದಿಯಾಯಿತು. ಸಿಲಿಕಾನ್ ಬಿಟ್ಟು, ಒಂದೆರಡು ಪರಮಾಣು ಪದರದಷ್ಟೇ ದಪ್ಪದ ‘ಎರಡು ಆಯಾಮದ’ ವಸ್ತುಗಳಿಂದ ಆಂಗ್‌ಸ್ಟ್ರಾಂ ಮಟ್ಟದ ಚಿಪ್ ಮಾಡೋಣ ಎಂಬುದು ಅದರ ಸಾರ. ಆಂಗ್‌ಸ್ಟ್ರಾಂ ಎಂದರೆ ನ್ಯಾನೋಮೀಟರಿನ ಹತ್ತನೇ ಒಂದು ಭಾಗ. ಓದಿದವರಿಗೆ ಮತ್ತೆ ಅದೇ ಗೊಂದಲ: 2ರಲ್ಲೇ ಜಿನುಗಿದರೆ 0.2ರ ಗತಿಯೇನು?

ಇಲ್ಲಿ ವಸ್ತುವಿನ ಆಯ್ಕೆಗೆ ಅರ್ಥವಿದೆ. ಟನೆಲಿಂಗ್ ಎಷ್ಟಾಗುತ್ತದೆ ಎಂಬುದು ತಡೆಯ ಅಗಲದ ಜತೆಗೆ ಆ ವಸ್ತುವಿನೊಳಗೆ ಎಲೆಕ್ಟ್ರಾನು ಎಷ್ಟು ‘ಭಾರ’ವಾಗಿ ವರ್ತಿಸುತ್ತದೆ ಎಂಬುದನ್ನೂ ಅವಲಂಬಿಸಿದೆ. ಮಾಲಿಬ್ಡಿನಂ ಡೈಸಲ್ಫೈಡಿನಲ್ಲಿ ಅದು ಸಿಲಿಕಾನಿಗಿಂತ ಭಾರ, ಭಾರವಾದಷ್ಟೂ ಜಿನುಗು ಕಡಿಮೆ. 2016ರಲ್ಲಿ ಬರ್ಕ್ಲಿಯ ಅಲಿ ಜಾವೆ ತಂಡ ಈ ವಸ್ತುವಿನ ಮೇಲೆ ಇಂಗಾಲದ ನ್ಯಾನೋ ಕೊಳವೆಯನ್ನು ಗೇಟಾಗಿ ಇಟ್ಟು, ನಿಜವಾಗಿಯೂ ಒಂದು ನ್ಯಾನೋಮೀಟರ್ ಗೇಟಿನ ಟ್ರಾನ್ಸಿಸ್ಟರ್ ಮಾಡಿ ತೋರಿಸಿತು. ಹಾಗಾಗಿ ಪ್ರಸ್ತಾವದ ಭೌತಶಾಸ್ತ್ರ ಹುಸಿಯಲ್ಲ. ಪ್ರಶ್ನೆ ಇರುವುದು ಇಂಥದ್ದನ್ನು ದೋಷವಿಲ್ಲದೆ ನೂರಾರು ಕೋಟಿ ಸಂಖ್ಯೆಯಲ್ಲಿ ಮಾಡುವುದರಲ್ಲಿ, ಮತ್ತು ಲೋಹದ ತಂತಿಯನ್ನು ಪರಮಾಣು ದಪ್ಪದ ಹಾಳೆಗೆ ಅಂಟಿಸುವುದರಲ್ಲಿ. ಶಾಖದ 60 ಮಿಲಿವೋಲ್ಟಿಗೆ ಮಾತ್ರ ಈ ವಸ್ತು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಪ್ರಸ್ತಾವವನ್ನು ಹೊಗಳುವವರೂ ಹೀಗಳೆಯುವವರೂ ಈ ಒಂದು ಅಂಶವನ್ನು ಬಿಟ್ಟೇ ಮಾತಾಡುತ್ತಿದ್ದಾರೆ.

ಕರೆಂಟ್ ಬಿಲ್ಲು

ಡೆನ್ನಾರ್ಡ್ ಸೂತ್ರ ನಡೆಯುತ್ತಿದ್ದ ಕಾಲದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಒಂದು ಟ್ರಾನ್ಸಿಸ್ಟರ್ ತಿನ್ನುವ ವಿದ್ಯುತ್ತು ಅರ್ಧಕ್ಕೆ ಇಳಿಯುತ್ತಿತ್ತು. ಟಿಎಸ್‌ಎಂಸಿ ಹೇಳುವಂತೆ, 3ರಿಂದ 2ಕ್ಕೆ ಬಂದಾಗ ಅದೇ ವೇಗಕ್ಕೆ ಉಳಿತಾಯ ಶೇ 25ರಿಂದ 30. 2028ಕ್ಕೆ ತರುತ್ತೇವೆನ್ನುವ 1.4ರ ಪೀಳಿಗೆಯಲ್ಲೂ ಭರವಸೆ ಹೆಚ್ಚೆಂದರೆ ಶೇ 30. ಅತ್ತ ಎಐ ಲೆಕ್ಕಾಚಾರಗಳ ಹಸಿವು ಇದಕ್ಕಿಂತ ಬಹಳ ಜೋರಾಗಿ ಬೆಳೆಯುತ್ತಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಒಟ್ಟು ವಿದ್ಯುತ್ತಿನ ಶೇ 1.5. 2030ಕ್ಕೆ ಇದು ದುಪ್ಪಟ್ಟಿಗೂ ಮಿಕ್ಕಿ ಬೆಳೆಯಬಹುದೆಂದು ಅದೇ ಸಂಸ್ಥೆಯ ಅಂದಾಜು.

ಆದ್ದರಿಂದ ಪೈಪೋಟಿ ಟ್ರಾನ್ಸಿಸ್ಟರಿನಿಂದ ಬೇರೆಡೆಗೆ ಸರಿಯುತ್ತಿದೆ: ಚಿಪ್ ಮೇಲೆ ಚಿಪ್ ಪೇರಿಸುವುದು, ಮೆಮೊರಿಯನ್ನು ಹತ್ತಿರಕ್ಕೆ ತರುವುದು, ಒಂದೊಂದು ಕೆಲಸಕ್ಕೆ ಒಂದೊಂದು ವಿಶೇಷ ಚಿಪ್ ಬರೆಯುವುದು. ಇವೆಲ್ಲ ಮೂಲತಃ ವಿನ್ಯಾಸದ ಮತ್ತು ಪ್ಯಾಕೇಜಿಂಗಿನ ಕೆಲಸಗಳು, ಬೆಂಗಳೂರಿಗೆ ಪಾಲು ಸಿಗುವುದಾದರೆ ಇಲ್ಲಿಯೇ. ಧೋಲೇರಾದ 28ನ್ನು ಹಳತೆಂದು ಮೂಗು ಮುರಿಯುವವರು ಇನ್ನೊಂದನ್ನೂ ಗಮನಿಸಬಹುದು. ಕಾರು, ಮೀಟರು, ಚಾರ್ಜರುಗಳಿಗೆ ಬೇಕಾದ ಬಹುಪಾಲು ಚಿಪ್‌ಗಳು ಆ ಗಾತ್ರದವು ಅಥವಾ ಇನ್ನೂ ದೊಡ್ಡವು. ಗಾತ್ರ ದೊಡ್ಡದಾದಷ್ಟೂ ಎಂಟು ಪರಮಾಣುಗಳ ಪಾಡು ಕಡಿಮೆ, ಎರಡರ ಟ್ರಾನ್ಸಿಸ್ಟರಿಗಿಂತ ಹೆಚ್ಚು ವೋಲ್ಟೇಜನ್ನು ಅವು ನಿರಾಯಾಸವಾಗಿ ತಾಳಿಕೊಳ್ಳುತ್ತವೆ. ಮೋಟಾರು ಓಡಿಸುವ ಸರ್ಕ್ಯೂಟಿಗೆ ಬೇಕಾದದ್ದು ಅದೇ.